ಅವಿಭಕ್ತ ಕುಟುಂಬದ ಟ್ಯಾಕ್ಸು

೧೯೮೬, ಏಪ್ರಿಲ್ ೧೩, ಭಾನುವಾರ. ಬೆಳಿಗ್ಗೆ ಮಂಜು, ಹತ್ತರ ಮೇಲೆ ಒಳ್ಳೆಯ ಬಿಸಿಲು. ಹದಿನೈದರೊಳಗೆ ಸರ್ಕಾರಕ್ಕೆ ಟ್ಯಾಕ್ಸಿನ ಲೆಕ್ಕ ಒಪ್ಪಿಸಬೇಕು. ಅದರ ಹಿಂದಿನ ಭಾನುವಾರ ನಮ್ಮ ಮನೆಯ ಕರೆಗಂಟೆಗೆ ಬಿಡುವಿರುವುದಿಲ್ಲ. ಪ್ರತಿವರ್ಷದ ಪಾಡು ಇದು.

ನನ್ನ ಸಂಶೋಧನೆ

ನಾನು ಅಮೆರಿಕದ ಸ್ಯಾನ್ ಹೊಸೆಯ ಕಾಲೇಜೊಂದರಲ್ಲಿ ಅಕೌಂಟಿಂಗ್ ಪಾಠ ಮಾಡುತ್ತೇನೆ. ಮೈಸೂರಿನಲ್ಲಿ ಬಿ.ಕಾಂ., ಇಲ್ಲಿ ಪಿಎಚ್‌ಡಿ. ತೆರಿಗೆಯ ದರ ಬದಲಾದರೆ ಕಂಪನಿಗಳು ಯಂತ್ರ ಕೊಳ್ಳುವುದನ್ನು ಮುಂದೂಡುತ್ತವೆಯೇ ಎಂಬುದು ನನ್ನ ಸಂಶೋಧನೆ. ಇಷ್ಟು ವರ್ಷದ ಮೇಲೂ ಉತ್ತರ ‘ಕೆಲವೊಮ್ಮೆ’ ಎಂದೇ ಇದೆ. ಇದರಿಂದ ಯಾರ ಟ್ಯಾಕ್ಸ್ ರಿಟರ್ನನ್ನೂ ತುಂಬಲು ಬರುವುದಿಲ್ಲ ಎಂದರೆ ನಮ್ಮವರು ನಂಬುವುದಿಲ್ಲ, ವಿನಯ ಎಂದುಕೊಳ್ಳುತ್ತಾರೆ. ನಮ್ಮ ಮನೆಯ ರಿಟರ್ನು ತುಂಬುವವಳು ನನ್ನ ಹೆಂಡತಿ. ಅವಳು ಓದಿದ್ದು ಸಸ್ಯಶಾಸ್ತ್ರ.

ಡಾಕ್ಟರ ಕಷ್ಟ

ಹಿಂದಿನ ದಿನ ಪರಿಚಿತರ ಮನೆಯಲ್ಲಿ ಯುಗಾದಿ ಊಟವಿತ್ತು. ಪಕ್ಕದಲ್ಲಿ ಕೂತ ಡಾಕ್ಟರು ಗೋಳು ತೋಡಿಕೊಂಡರು.

‘ಎಲ್ಲಿ ಹೋದ್ರೂ ಮಂಡಿ ತೋರಿಸ್ತಾರೆ ಸಾರ್. ನೆಮ್ಮದಿಯಾಗಿ ಒಂದು ಒಬ್ಬಟ್ಟು ತಿನ್ನೋ ಹಾಗಿಲ್ಲ. ಜನಕ್ಕೆ ಸ್ವಲ್ಪ ಸೂಕ್ಷ್ಮ ಬೇಡವಾ?’

ಸಮಾನದುಃಖಿಯೊಬ್ಬರು ಸಿಕ್ಕರೆಂದು ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವರು ಎಡಗೈಯಲ್ಲಿ ಕೋಟಿನ ಜೇಬಿನಿಂದ ಒಂದು ಕಟ್ಟು ಕಾಗದ ತೆಗೆದರು.

‘ಕ್ಲಿನಿಕ್ಕಿಗೆ ಹಾಕಿಸಿದ ಕಾರ್ಪೆಟ್ಟು. ಪೂರ್ತಿ ಖರ್ಚು ಈ ವರ್ಷದ ಆದಾಯದಲ್ಲೇ ಕಳೀಬಹುದಾ, ನೋಡಿ ಹೇಳಿ.’

ನಾನು ಪ್ಯಾಂಟು ಮಡಚಿ ನನ್ನ ಮಂಡಿ ತೋರಿಸಿದೆ.

ಐದನೇ ಒಂದು ಪಾಲು

ಭಾನುವಾರ ಬಂದವರು ಮೈಸೂರಿನ ಒಬ್ಬ ಇಂಜಿನಿಯರು. ಪಕ್ಕದ ಮಿಲ್ಪಿಟಾಸಿನಲ್ಲಿ ಕೊಳ್ಳಲು ಒಂದು ಟೌನ್‌ಹೌಸು ನೋಡಿದ್ದರು. ಮರುದಿನ ಬ್ಯಾಂಕಿಗೆ ರಿಟರ್ನಿನ ಪ್ರತಿ ಕೊಡದಿದ್ದರೆ ಸಾಲವಿಲ್ಲ, ಮನೆಯೂ ಇಲ್ಲ. ರಿಟರ್ನನ್ನು ಅವರೇ ತುಂಬಿ ತಂದಿದ್ದರು. ಸಂಬಳದ ಅಂಕಿ ಬಡವಾಗಿ ಕಂಡಿತು.

‘ಇದು ಎರಡು ತಿಂಗಳ ಸಂಬಳವಾ?’

‘ವರ್ಷದ್ದೇ ಸಾರ್, ಐದನೇ ಒಂದು ಪಾಲು. ಅಪ್ಪ, ಅಣ್ಣ, ಇಬ್ಬರು ತಮ್ಮಂದಿರು, ನಾನು. ನಮ್ಮದು ಹಿಂದೂ ಅವಿಭಕ್ತ ಕುಟುಂಬ.’

‘ಸಂಬಳವನ್ನ ಹಾಗೆ ಇಂಡಿಯಾದಲ್ಲೂ ಹಂಚೋ ಹಾಗಿಲ್ಲ. ಇಲ್ಲಂತೂ ಕಾನೂನಿನಲ್ಲಿ ಅವಿಭಕ್ತ ಕುಟುಂಬ ಅನ್ನೋದೇ ಇಲ್ಲ.’

‘ಇಲ್ಲ ಅಂದ್ರೆ ಹೇಗೆ ಸಾರ್? ನಾವು ಇದ್ದೀವಲ್ಲ!’

‘ಬ್ಯಾಂಕಿಗೆ ಎಷ್ಟು ಸಂಬಳ ಅಂದಿದ್ದೀರಿ?’

‘ಪೂರ್ತಿ.’

‘ಅವರು ನೋಡೋದು ಈ ಕಾಗದಾನೇ. ಇದಕ್ಕೆ ಕಾರು ನಿಲ್ಲಿಸೋ ಗ್ಯಾರೇಜೂ ಬರಲ್ಲ.’

ಅವರು ಕಾಫಿ ಲೋಟ ಕೆಳಗಿಟ್ಟರು. ‘ಹಾಗಾದ್ರೆ ಪಾಲಾಯ್ತು ಅಂತ ಬರ್ಕೊಳ್ಳಿ.’

ತಲೆಮಾರುಗಳಿಂದ ಒಟ್ಟಿಗಿದ್ದ ಕುಟುಂಬ ನಮ್ಮ ಊಟದ ಮೇಜಿನ ಮೇಲೆ ಒಡೆಯಿತು.

ಯಜಮಾನರ ಒಪ್ಪಿಗೆ

ಆದರೆ ತಂದೆಯನ್ನು ಕೇಳದೆ ಪಾಲಾಗುವುದು ಅವರಿಗೆ ಸರಿಕಾಣಲಿಲ್ಲ. ನಮ್ಮ ಫೋನಿನಿಂದಲೇ ಮೈಸೂರಿಗೆ ಮಾಡಿದರು. ಅಲ್ಲಿ ಎಲ್ಲರೂ ಮಲಗಿದ್ದ ಹೊತ್ತು.

‘ಅಪ್ಪಾ, ನಾವು ಪಾಲಾಗಬೇಕು... ಇಲ್ಲಪ್ಪಾ, ಯಾರ ಮೇಲೂ ಜಗಳ ಇಲ್ಲ, ಟ್ಯಾಕ್ಸಿಗೆ... ಅಮ್ಮನ ಕೈಗೆ ಯಾಕೆ ಕೊಟ್ಟೆ?... ಅಳಬೇಡಮ್ಮಾ... ನಿನ್ನ ಸೊಸೆ ಏನೂ ಹೇಳಿಕೊಟ್ಟಿಲ್ಲಮ್ಮಾ...’

ನನ್ನ ಹೆಂಡತಿ ಗಡಿಯಾರ ನೋಡುತ್ತಿದ್ದಳು. ಕೊನೆಗೆ ಅವರು ರಿಸೀವರನ್ನು ನನ್ನ ಕೈಗೆ ತುರುಕಿದರು. ‘ನೀವೇ ಹೇಳಿ ಸಾರ್.’ ನಾನು ಯಾರೆಂದು ಹೇಳಿದೆ.

ಆ ಹಿರಿಯರು ಕೇಳಿದ್ದು ಒಂದೇ ಮಾತು: ‘ಮನೆ ಒಡೆಯೋದಕ್ಕೂ ಅಲ್ಲಿ ಪ್ರೊಫೆಸರು ಇದ್ದಾರಾ?’

ದಕ್ಷಿಣೆ

ರಿಟರ್ನನ್ನು ನನ್ನ ಹೆಂಡತಿ ಹೊಸದಾಗಿ ಬರೆದಳು. ಸಾಲ ಸಿಕ್ಕಿತು. ಮುಂದಿನ ತಿಂಗಳು ಇಂಜಿನಿಯರು ಬಂದು, ಬಾಗಿಲಲ್ಲೇ ನಿಂತು, ಹಣ್ಣು ಕಾಯಿ ಇಟ್ಟ ತಟ್ಟೆ ಕೊಟ್ಟು ಹೋದರು.

‘ರೀ, ಫೋನಿನ ದುಡ್ಡಾದ್ರೂ ಕೊಟ್ರಾ?’

‘ದಕ್ಷಿಣೆ ಇಟ್ಟಿದ್ದಾರೆ. ಟ್ಯಾಕ್ಸಿನ ಸಲಹೆಗೆ ಕೊಟ್ಟ ಫೀಸನ್ನ ಮುಂದಿನ ವರ್ಷ ಆದಾಯದಲ್ಲಿ ಕಳೀಬಹುದಂತೆ. ರಸೀದಿ ಕೇಳಿದರು.’

‘ಎಷ್ಟಕ್ಕೆ?’

‘ನೂರಾ ಒಂದು ಡಾಲರಿಗೆ.’

ಅವಳ ಮುಖ ಅರಳಿತು. ‘ಪಾಪ, ದೊಡ್ಡ ಮನಸ್ಸು. ನಾವೇ ಏನೇನೋ ಅಂದ್ಕೊಂಡ್ವಿ. ಎಲ್ಲಿ, ಕೊಡಿ.’

ಬಾಳೆಹಣ್ಣು ಎತ್ತಿ ಅಡಿಯಲ್ಲಿದ್ದ ನೋಟು ತೋರಿಸಿದೆ. ಹನ್ನೊಂದು ಡಾಲರು.