ಹುಲಿಯಳಿಯನ ಕಡುಬು

ಹಗಲು ಹೊತ್ತಿನಲ್ಲಿ ಕತೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ಮಂಜಗುಣಿಯಲ್ಲಿ ಸಣ್ಣ ಕೂಸಿಗೂ ಗೊತ್ತು. ಅದಕ್ಕೇ ಅಲ್ಲಿ ದೀಪ ಹಚ್ಚುವ ಮೊದಲು ಯಾರೂ ಕತೆಗೆ ಬಾಯಿ ತೆರೆಯುವುದಿಲ್ಲ. ಆದರೆ ಶ್ರಾವಣದ ಒಂದು ಬೆಳಿಗ್ಗೆ ನಾಗಿಯ ಬಾಯಿಂದ ಕತೆ ಹೊರಡಿಸಿದವನು ಅವಳ ಸ್ವಂತ ಮಗ ಪುಟ್ಟು. ಅವನಿಗೆ ಕತೆಯ ಮೇಲೆ ಆಸೆ ಇರಲಿಲ್ಲ. ಆಸೆ ಇದ್ದದ್ದು ಅಂಗಳದಲ್ಲಿ ನಿಂತ ಜೀಪಿನ ಮೇಲೆ.

ಜೀಪು ಭಾರತಿ ಮೇಡಮ್ಮಿನದು. ಧಾರವಾಡದ ಕಡೆಯ ಯಾವುದೋ ಕಾಲೇಜಿನವರು. ಅಜ್ಜಿಕತೆಗಳ ಒಳಗೆ ಯಾರು ಏನು ಬೇಯಿಸಿದರು, ಹೇಗೆ ಬೇಯಿಸಿದರು ಎಂದು ಹುಡುಕಿಕೊಂಡು, ಟೇಪ್ ರೆಕಾರ್ಡರ್ ಹಿಡಿದು ಕರಾವಳಿ ಸುತ್ತುತ್ತಿದ್ದರು. ನಾಗಿಯ ಕತೆ ಮುಗಿದ ಕೂಡಲೇ ಕಾರವಾರಕ್ಕೆ ವಾಪಸು ಹೊರಡುವವರು. ಪುಟ್ಟುವಿಗೂ ಆವತ್ತು ಮಧ್ಯಾಹ್ನದ ಊಟದ ಹೊತ್ತಿಗೆ ಕಾರವಾರದ ಕೋಡಿಬಾಗದಲ್ಲಿ ಇರಬೇಕಿತ್ತು. ಲಲಿತಾಳನ್ನು ನೋಡುವ ಶಾಸ್ತ್ರ.

ಪುಟ್ಟುವಿನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಗದ್ದೆ ಕೆಲಸ, ಕೂಲಿ ಕೆಲಸ ಎಂದು ದುಡಿಯುತ್ತ ವರ್ಷ ಕಳೆದವು. ಹೋದ ಮನೆಯಲ್ಲೆಲ್ಲ ಚಾ ಕುಡಿದು ಬಂದದ್ದೇ ಆಯಿತು. ಲಲಿತಾಳದು ಬೇರೆ ಮಾತು. ಹಿಂದೊಮ್ಮೆ ನಂಟರ ಮದುವೆಯಲ್ಲಿ ಪುಟ್ಟು ಏನೋ ತಮಾಷೆ ಹೇಳಿದ್ದಕ್ಕೆ ಬಡಿಸುತ್ತಿದ್ದ ಅವಳು ಸೌಟು ಹಿಡಿದುಕೊಂಡೇ ನಕ್ಕಿದ್ದಳು. ಅವನ ತಮಾಷೆಗೆ ಯಾರಾದರೂ ನಕ್ಕದ್ದು ಅದೇ ಮೊದಲು. ಆ ನಗೆಯನ್ನು ಅವನು ಅಂದಿನಿಂದ ಜೋಪಾನವಾಗಿ ಇಟ್ಟುಕೊಂಡಿದ್ದ.

"ನಾ ಹೇಳೂದಿಲ್ಲ" ಎಂದಳು ನಾಗಿ. "ಹೊನ್ನಿ ಮಕ್ಳಿಗೆ ಇರೂದೇ ಒಬ್ಬ ಮಾವ. ಅವ ಹೆಣ್ಣು ನೋಡೂಕೆ ಹೋಗೂ ದಿನವೇ ದಾರಿ ತಪ್ಪಿದ್ರೆ?"

ಹೊನ್ನಿ ಪುಟ್ಟುವಿನ ತಂಗಿ. ಅವಳೂ ಒಳಗಿಂದ ಹೌದು ಹೌದು ಎಂದಳು.

"ಜೀಪಿಗೆ ದಾರಿ ತಪ್ತದ್ಯೇ ಅವ್ವಿ? ಡ್ರೈವರ ಇದ್ನಲ" ಎಂದ ಪುಟ್ಟು. "ನೀ ಬೇಗ ಹೇಳಿ ಮುಗ್ಸು. ನಾ ಬಸ್ಸಿಗೆ ಹೋದ್ರೆ ಅಂಗಿಯೆಲ್ಲ ಕೆಸರು."

ನಾಗಿ ದೇವರ ಕಡೆಗೊಮ್ಮೆ ಕೈ ಮುಗಿದು ಹುಲಿಯಳಿಯನ ಕತೆ ಶುರು ಮಾಡಿದಳು. ಹುಲಿಯೊಂದು ಮುಂಡಾಸು ಸುತ್ತಿ, ಜರಿಶಾಲು ಹೊದ್ದು ಹೆಣ್ಣು ಕೇಳಲು ಬಂತು. ಎಲ್ಲರಿಗೂ ವರ ಮೆಚ್ಚಿಗೆ. ಹೆಣ್ಣಿನ ಅಜ್ಜಿಗೆ ಮಾತ್ರ ಅನುಮಾನ. ಅವಳು ಅಕ್ಕಿ ನೆನೆಹಾಕಿ, ನುಣ್ಣಗೆ ರುಬ್ಬಿ, ಅರಿಸಿನ ಎಲೆಯ ಮೇಲೆ ತೆಳ್ಳಗೆ ಸವರಿ, ನಡುವೆ ಕಾಯಿಬೆಲ್ಲ ಇಟ್ಟು ಮಡಚಿ, ಹಬೆಯಲ್ಲಿ ಬೇಯಿಸಿದಳು. ಮನುಷ್ಯನಾದವನು ಎಲೆ ಬಿಡಿಸಿ ಕಡುಬು ತಿನ್ನುತ್ತಾನೆ. ಹುಲಿಗೆ ಎಲೆ ಯಾವುದು ಕಡುಬು ಯಾವುದು? ಎಲೆ ಸಮೇತ ನುಂಗಿತು. ಅಜ್ಜಿ "ಹುಲಿ!" ಎಂದು ಕೂಗಿದಳು. ಊರವರು ಕೊಳ್ಳಿ ಹಿಡಿದು ಅದನ್ನು ಕಾಡಿಗೆ ಅಟ್ಟಿದರು.

"ಇದನ್ನೇ ನಿನ್ನೆ ಮಧ್ಯಾಹ್ನ ಕಾರವಾರದಾಗ ಒಬ್ಬ ಅಜ್ಜಿ ಹೇಳಿದಳ್ರೀ" ಎಂದರು ಮೇಡಂ ಖುಷಿಯಿಂದ. "ಆಕಿ ಕಡುಬಿನಾಗ ಬೆಲ್ಲ ಇಲ್ಲ. ಮೆಣಸಿನಕಾಯಿ, ಶೆಟ್ಲಿ ಮೀನು ಹಾಕ್ತಾಳ."

"ಶೆಟ್ಲಿ ಹಾಕಿದ್ರೆ ಅದು ಹುಲಿಗೆ ಮಾಡಿದ್ದಲ್ಲ, ಬೆಕ್ಕಿಗೆ ಮಾಡಿದ್ದು" ಎಂದಳು ನಾಗಿ ಸಿಟ್ಟಿನಿಂದ.

"ಮತ್ತ ಈ ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ರೀ ಅಜ್ಜಿ. ಪೋರ್ಚುಗೀಸರು ಹಡಗಿನಾಗ ತಂದದ್ದು. ಅದಕ್ಕಿಂತ ಮೊದಲು ಈ ಕತಿಯೊಳಗ ಏನು ಹಾಕ್ತಿದ್ದರು? ಒಂದಿಷ್ಟು ವಿಚಾರಿಸೂದೈತಿ."

ವಿಚಾರಿಸುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ಪುಟ್ಟು ಜೀಪಿನ ಕಡೆ ನೋಡಿದ. ಬೆಳಿಗ್ಗೆಯಿಂದ ಮೇಡಂ ವಿಚಾರಿಸುತ್ತಲೇ ಇದ್ದರು. ಒಂದು ವಿಚಾರಣೆಗೆ ಒಂದು ಕ್ಯಾಸೆಟ್ಟು ತುಂಬುತ್ತಿತ್ತು. ಅವನು ತಡೆಯಲಾರದೆ ರಸ್ತೆಗೆ ಬಂದು ನಿಂತ. ಅಲ್ಲಿ ಬಿಳಿ ಟೊಪ್ಪಿಯ, ಕೊಡೆ ಹಿಡಿದ ಅಪರಿಚಿತನೊಬ್ಬ ಎದುರಾದ.

"ತಮಾ, ನಾಗಿ ಮನೆ ಯಾವ್ದು?"

"ಎಂತಕೆ?"

"ಒಂಚೂರು ವಿಚಾರ್ಸೂದಿತ್ತು."

ಇನ್ನೊಬ್ಬ! ಇವನೂ ಒಳಗೆ ಹೋಗಿ ಕೂತರೆ ಕಡುಬಿನ ಮೇಲೆ ವಾದ ಹುಟ್ಟಿ ಜೀಪು ನಾಳೆ ಹೊರಟೀತು. ಪುಟ್ಟು ಅರೆಗಳಿಗೆಯೂ ಯೋಚಿಸಲಿಲ್ಲ.

"ನಾಗಿ ಮನೆ ಹೊಳೆಯಾಚೆ ಬದಿಗೆ. ಅಕಾ, ದೋಣಿ ನಿಂತದೆ. ದಾಟಿ ಸೀದಾ ಹೋಗಿ. ಯಾರನ್ನೂ ಕೇಳೂದು ಬೇಡ."

ಆ ಮನುಷ್ಯ ಕೈ ಮುಗಿದು, "ಒಳ್ಳೆವ ನೀನು" ಎಂದು ದೋಣಿ ಹತ್ತಿದ. ಪುಟ್ಟುವೇ ನೀರಿಗಿಳಿದು ದೋಣಿ ತಳ್ಳಿಕೊಟ್ಟ. ಇಡೀ ದಿನದಲ್ಲಿ ಅವನು ಮಾಡಿದ ಕೆಲಸಗಳಲ್ಲಿ ಸರಿಯಾಗಿ ನಡೆದದ್ದು ಇದೊಂದೇ.

ಅಂತೂ ಜೀಪು ಹೊರಟಿತು. ಸಂಬಂಧ ಕುದುರಿಸಿದ ನೆರೆಮನೆಯ ಮಾದು ಕರೆಯದಿದ್ದರೂ ಹತ್ತಿ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ಕೂತ ಪುಟ್ಟುವಿನ ತೊಡೆಯ ಮೇಲೆ ನಾಗಿ ಕೊಟ್ಟ ಕಡುಬಿನ ಪಾತ್ರೆ. ಪ್ರತಿ ಹೊಂಡಕ್ಕೂ ಬೆಲ್ಲದ ಪಾಕ ಹೊಸ ಅಂಗಿಯ ಮೇಲೆ ಇಳಿಯಿತು.

ಅಂಕೋಲೆಯಲ್ಲಿ ಎಡಕ್ಕೆ ತಿರುಗಿದ್ದರೆ ಕಾರವಾರ. ಮಾದು ಬಾಯಿ ಮುಚ್ಚಿಕೊಂಡು ಕೂತಿದ್ದರೂ ಕಾರವಾರವೇ. ಆದರೆ ಅವನು ಮೇಡಮ್ಮಿಗೆ, "ಅಗಸೂರಲ್ಲಿ ಒಬ್ಬಳು ಮುದ್ಕಿ ಸಾಗವಾನಿ ಎಲೆಲ್ಲಿ ಕಡುಬು ಮಾಡ್ತಿದು. ಕೆಂಪಗೆ ರಕ್ತದ ಹಂಗೆ ಇರ್ತದೆ" ಎಂದುಬಿಟ್ಟ. ಮೇಡಮ್ಮಿನ ಕಣ್ಣು ಅರಳಿತು. ಜೀಪು ಬಲಕ್ಕೆ ತಿರುಗಿತು.

"ಮಾದೂ, ಕೋಡಿಬಾಗಲ್ಲಿ ಊಟಕ್ಕೆ ಕಾಯ್ತಿದ್ರು!" ಎಂದು ಪುಟ್ಟು ಹಿಂದಿನಿಂದ ಕೂಗಿದ.

"ಅಗಸೂರೆಂತಾ ದೂರ? ಈಗ ಹೋದದ್ದು, ಈಗ ಬಂದದ್ದು."

ಈಗ ಹೋದದ್ದೇನೋ ನಿಜ. ಅಗಸೂರಿನ ಮುದುಕಿ ಮಾತ್ರ, ತನ್ನ ತಮ್ಮ ಪೇಟೆಗೆ ಹೋಗಿದ್ದಾನೆ, ಅವನು ಮನೆ ಮುಟ್ಟುವ ತನಕ ಕತೆ ಹೇಳುವುದಿಲ್ಲ ಎಂದು ಪಟ್ಟು ಹಿಡಿದಳು. ಮೇಡಂ, "ಹಂಗಾದ್ರ ಬರೇ ಅಡಿಗಿ ಹೇಳ್ರಿ, ಕತಿ ಬ್ಯಾಡ" ಎಂದರು. ಕತೆ ಬಿಟ್ಟು ಅಡುಗೆ ಹೇಳುವುದು ಹೇಗೆಂದು ಮುದುಕಿಗೆ ತಿಳಿಯಲಿಲ್ಲ. ಎಲ್ಲಿಂದ ಶುರು ಮಾಡಿದರೂ ಒಬ್ಬ ರಾಜ ಬಂದುಬಿಡುತ್ತಿದ್ದ. ತಮ್ಮ ಬರುವ ತನಕ ಎಲ್ಲರೂ ಜಗುಲಿಯಲ್ಲಿ ಕಾದರು. ಕಾಯುವ ಬೇಸರಕ್ಕೆ ಮಾದು ಮತ್ತು ಡ್ರೈವರ್ ಕೂಡಿ ಪುಟ್ಟುವಿನ ಪಾತ್ರೆ ಖಾಲಿ ಮಾಡಿದರು.

ಕೊನೆಗೆ ಹೊರಡುವಾಗ ಜೀಪಿನ ಚಕ್ರ ಕೆಸರಿನಲ್ಲಿ ಹೂತಿತು. ತಳ್ಳಿದವನು ಪುಟ್ಟು. ಜೀಪು ಮೇಲೆ ಬರಲಿಲ್ಲ, ಕೆಸರು ಬಂತು.

"ಹಗಲಿಗೆ ಕತೆ ಹೇಳ್ಸಿದ್ಯಲ, ಅನುಭೋಗ್ಸು" ಎಂದ ಮಾದು, ಬೆರಳು ನೆಕ್ಕುತ್ತ.

ಪುಟ್ಟುವಿಗೆ ಅಳು ಬಂತು. ಅಳುವುದಕ್ಕೂ ಪುರುಸೊತ್ತು ಇರಲಿಲ್ಲ. ಹಾದುಹೋಗುತ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದು ಒಬ್ಬನೇ ಅಂಕೋಲೆಗೆ ಬಂದ. ನಿಲ್ದಾಣದಲ್ಲಿ ಕಾರವಾರ ಎಂಬ ಬೋರ್ಡು ಕಂಡದ್ದೇ ಓಡಿ ಬಸ್ಸು ಹತ್ತಿ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಬಸ್ಸು ಗಂಗಾವಳಿ ಸೇತುವೆ ದಾಟುತ್ತಿತ್ತು. ಕಾರವಾರದ ದಾರಿಯಲ್ಲಿ ತನ್ನೂರ ಗಂಗಾವಳಿ ಎಲ್ಲಿಂದ ಬಂತು?

"ಇದು ಕಾರವಾರದಿಂದ ಕುಮಟೆಗೆ ಹೋಗೂ ಬಸ್ಸು ಮಾರಾಯಾ" ಎಂದ ಗುರುತಿನ ಕಂಡಕ್ಟರ್. "ಬೋರ್ಡು ತಿರುಗ್ಸೂಕೆ ಮರ್ತೋಗದೆ. ಹುಟ್ಟಿದ ಊರ ಹೊಳೆನೂ ಗುರ್ತ ಸಿಕ್ಕೂದಿಲ್ಲೆ ನಿಂಗೆ?"

ಬಸ್ಸಿನವರೆಲ್ಲ ನಕ್ಕರು. ಪುಟ್ಟು ಮಳೆಯಲ್ಲಿ ಇಳಿದು, ನಡೆದು, ಇನ್ನೊಂದು ಬಸ್ಸು ಹಿಡಿದು ಕೋಡಿಬಾಗ ಮುಟ್ಟುವಾಗ ಬಿಸಿಲು ಇಳಿದಿತ್ತು. ಸೊಂಟದ ತನಕ ಅಗಸೂರಿನ ಕೆಸರು, ಎದೆಯ ಮೇಲೆ ಮಂಜಗುಣಿಯ ಬೆಲ್ಲ. ಬಾಗಿಲಿನಿಂದಲೇ ಓಡಿಸಿದರೆ ಓಡುವುದೆಂದು ಅವನು ಕಾಲು ತಯಾರು ಮಾಡಿಕೊಂಡೇ ಅಂಗಳ ಹೊಕ್ಕ.

ಯಾರೂ ಓಡಿಸಲಿಲ್ಲ. ಜಗುಲಿಯಲ್ಲಿ ಕೂತಿದ್ದ ಲಲಿತಾಳ ಅಜ್ಜಿ, "ಬಾ ತಮಾ, ಕಾಲಿಗೆ ನೀರು ಹಾಯ್ಕಂಡು ಬಾ" ಎಂದಳು. "ತಡ ಆದದ್ಕೆ ಬೇಜಾರ ಮಾಡ್ಕಣ್ಬೇಡ. ನಮ್ ಬೀರುನೂ ಬರ್ಲಿಲ್ಲ. ಲಲಿತಾನ ಸೋದರಮಾವ. ಅವ ಹೂಂ ಅನ್ನದೆ ನಮ್ಮಲ್ಲಿ ಹೆಣ್ಣು ಕೊಡೂದಿಲ್ಲ."

ಪುಟ್ಟುವಿಗೆ ಹೋದ ಜೀವ ಬಂತು. ತಾನು ತಡವಾದದ್ದು ಲೆಕ್ಕಕ್ಕೇ ಇಲ್ಲ! ಆ ಬೀರು ಯಾರೋ, ಅವನಿಗೆ ದೇವರು ಒಳ್ಳೆಯದು ಮಾಡಲಿ ಎಂದು ಮನಸ್ಸಿನಲ್ಲೇ ಹರಸಿದ.

ಲಲಿತಾ ತಟ್ಟೆ ತಂದಿಟ್ಟಳು. ಅರಿಸಿನ ಎಲೆಯಲ್ಲಿ ಸುತ್ತಿದ ಕಡುಬು. ಹಬೆಯಲ್ಲಿ ಶೆಟ್ಲಿಯ ವಾಸನೆ. ನಿನ್ನೆ ಮೇಡಮ್ಮಿಗೆ ಕತೆ ಹೇಳಿದ ಕಾರವಾರದ ಅಜ್ಜಿ ಯಾರೆಂದು ಪುಟ್ಟುವಿಗೆ ತಟ್ಟನೆ ಹೊಳೆಯಿತು. ತಲೆ ಎತ್ತಿ ನೋಡಿದರೆ ಅಜ್ಜಿ ಅವನ ಮುಖ ನೋಡುತ್ತಿರಲಿಲ್ಲ. ಅವನ ಬೆರಳುಗಳನ್ನೇ ನೋಡುತ್ತಿದ್ದಳು.

ಬೆಳಿಗ್ಗೆಯಿಂದ ಅನ್ನ ಕಾಣದ ಹೊಟ್ಟೆ ಕೂಗುತ್ತಿತ್ತು. ಆದರೂ ಪುಟ್ಟು, ಹಸುಗೂಸಿನ ಬಟ್ಟೆ ಬಿಚ್ಚುವವನ ಹಾಗೆ, ಒಂದು ಚೂರೂ ಹರಿಯದಂತೆ ಎಲೆ ಬಿಡಿಸಿದ. ಬಿಡಿಸಿದ ಎಲೆಯನ್ನು ಮಡಚಿ ತಟ್ಟೆಯ ಬದಿಗಿಟ್ಟ. ಆಮೇಲೆ ಕಡುಬು ಮುರಿದು ಬಾಯಿಗೆ ಹಾಕಿದ.

"ಅಜ್ಜೀ, ಹುಲಿ ಅಲ್ಲ ಅಂಬ್ರು" ಎಂದು ಲಲಿತಾ ಬಾಗಿಲ ಸಂದಿಯಿಂದ ನಕ್ಕಳು. ಅದೇ ನಗೆ. ಪುಟ್ಟುವಿಗೆ ಅಗಸೂರು, ಕುಮಟೆ, ಮಾದು ಎಲ್ಲ ಮರೆತುಹೋಯಿತು. ಬದುಕಿನಲ್ಲಿ ಮೊದಲ ಸಲ ತಾನು ಸರಿಯಾದ ಜಾಗಕ್ಕೆ ಬಂದು ಕೂತಿದ್ದೇನೆ ಎನ್ನಿಸಿತು. ಅಜ್ಜಿಯೇ ಕೈಯಾರೆ ಇನ್ನೊಂದು ಕಡುಬು ಬಡಿಸಿದಳು.

"ಮಾವಯ್ಯ ಎಲ್ಲಿಗ್ ಹೋಗಿದ್ರು?" ಎಂದು ಪುಟ್ಟು ಧೈರ್ಯವಾಗಿ ಕೇಳಿದ. ಮಾವಯ್ಯ ಎನ್ನುವಷ್ಟು ಧೈರ್ಯ.

"ನಿಮ್ಮನೆಗೇ. ಗಂಡು ಇತ್ಲಾಗೆ ಬಂದಾಗ ಅತ್ಲಾಗೆ ಹೋಗಿ ಮನೆ ಹ್ಯಾಂಗಿದೆ, ಜನ ಹ್ಯಾಂಗಿದ್ರು ಅಂದಿ ಒಂಚೂರು ವಿಚಾರ್ಸೂಕೆ."

ಪುಟ್ಟುವಿನ ಕೈ ನಿಂತಿತು. ವಿಚಾರ್ಸೂಕೆ.

"ಅವ್ರು... ಟೊಪ್ಪಿ ಹಾಕ್ತ್ರಾ?"

"ಹೌದು, ಬಿಳಿ ಟೊಪ್ಪಿ. ಎಂತಕೆ, ದಾರಿಲ್ಲಿ ಕಂಡ್ರಾ?"

ಉತ್ತರ ಕೊಡುವ ಕಷ್ಟ ಬರಲಿಲ್ಲ. ಬೇಲಿಯ ದಣಪೆ ದಾಟಿ ಬೀರುವೇ ಬರುತ್ತಿದ್ದ. ಟೊಪ್ಪಿ ಇರಲಿಲ್ಲ. ಕೊಡೆಯಲ್ಲಿ ಬಟ್ಟೆ ಹೋಗಿ ಕಡ್ಡಿ ಉಳಿದಿತ್ತು.

"ಯಾವನೋ ಒಬ್ಬ ಪಾಪಿ ದೋಣಿ ಹತ್ತಿಸ್ಬಿಟ್ಟ" ಎನ್ನುತ್ತ ಬೀರು ಜಗುಲಿಯ ತುದಿಗೆ ಕುಸಿದ. "ಯಾರನ್ನೂ ಕೇಳೂದು ಬೇಡ ಅಂದ. ಕೇಳದೇ ಹೋದೆ. ಆಚೆ ಊರಲ್ಲಿ ನಾಗಿ ಅಂಬೂಳ ಮನೆ ಹೊಕ್ಕಿ, ನಿಮ್ಮ ಮಗನ ಗುಣ ಹ್ಯಾಂಗೆ ಅಂದಿ ಕೇಳ್ದೆ. ಮಗನೇ ಇಲ್ದ ಹೆಂಗ್ಸು! ನಾಯಿ ಬಿಟ್ಳು."

ಅಜ್ಜಿ ಹಣೆ ಬಡಿದುಕೊಂಡಳು. "ತಪ್ಪು ನಂದೇ. ನಿನ್ನೆ ಮಧ್ಯಾಹ್ನ ಆ ಮೇಡಮ್ಮಂಗೆ ಹಗಲಲ್ಲೇ ಕತೆ ಹೇಳ್ದೆ. ಸೋದರಮಾವ ದಾರಿ ತಪ್ಪದೆ ಎಂತಾ ಆಗ್ತದೆ?"

ತಪ್ಪೆಲ್ಲ ಕತೆಯ ತಲೆಗೆ ಹೋಗಿಬಿಡುವಂತಿತ್ತು. ಪುಟ್ಟು ಇನ್ನೊಂದು ಗಳಿಗೆ ಮುಖ ತಗ್ಗಿಸಿ ಕೂತಿದ್ದರೆ ಸಾಕಿತ್ತೋ ಏನೋ. ಆದರೆ ಅಷ್ಟರಲ್ಲಿ ಬೀರು ಅವನತ್ತ ತಿರುಗಿ, "ಗಂಡು ಇವನೇಯಾ? ಮುಖ ಎತ್ತು ತಮಾ, ನೋಡ್ವಾ. ಹೆಸ್ರೆಂತಾ?" ಎಂದ.

ಬಾಯಿ ಬಿಟ್ಟರೆ ದನಿ ಗುರುತು ಸಿಗುತ್ತದೆ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲ. ಇಷ್ಟೇ ಪುಟ್ಟುವಿಗೆ ಹೊಳೆದದ್ದು. ಅವನು ತಟ್ಟೆಯಲ್ಲಿದ್ದ ಕಡುಬನ್ನು ಎತ್ತಿ ಇಡಿಯಾಗಿ ಬಾಯಿಗೆ ತುರುಕಿ, ಗುಟುಕ್ಕೆಂದು ನುಂಗಿದ.

ಅಜ್ಜಿ ತಟ್ಟೆ ನೋಡಿದಳು. ತಟ್ಟೆಯಲ್ಲಿ ಮೊದಲಿನ ಕಡುಬಿನ ಎಲೆ ಮಾತ್ರ ಇತ್ತು.

"ಎಲೆ ಸಮೇತ!" ಎಂದು ಅಜ್ಜಿ ಗೋಡೆಗೆ ಒರಗಿದಳು. "ಅಯ್ಯಯ್ಯೋ, ಹುಲಿ!"

ಪುಟ್ಟುವಿಗೆ ಎಲೆ ಗಂಟಲಲ್ಲಿ ನಿಂತು ಕೆಮ್ಮು ಬಂತು. ಬೀರುವೇ ಎದ್ದು ಬಂದು ಬೆನ್ನು ತಟ್ಟಿದ. ತಟ್ಟುತ್ತ ತಟ್ಟುತ್ತ ಮುಖ ನೋಡಿದ. ತಟ್ಟುವುದನ್ನು ನಿಲ್ಲಿಸಿದ.

"ಹುಲಿಯಲ್ಲ ಅಬ್ಬೆ" ಎಂದ ಬೀರು ಮೆಲ್ಲಗೆ. "ಹುಲಿಯಾಗಿದ್ರೆ ಅಡ್ಡಿಲ್ಲಾಗಿತ್ತು. ದೋಣಿ ಹತ್ತಿಸ್ದವ ಇವನೇ."

ಪುಟ್ಟು ಎಲ್ಲ ಹೇಳಿದ. ಜೀಪು, ಮೇಡಂ, ಕ್ಯಾಸೆಟ್ಟು, ಬೇಗ ಬರಬೇಕೆಂಬ ಆಸೆ. ಹೇಳುವಾಗ ಅವನಿಗೇ ಅದು ಕಟ್ಟುಕತೆಯ ಹಾಗೆ ಕೇಳಿಸಿತು, ಅದೂ ಹಗಲು ಹೊತ್ತಿನಲ್ಲಿ.

ಬೀರು ಬೈಯಲಿಲ್ಲ. "ದಾರಿ ಗೊತ್ತಿಲ್ದೆ ಕೇಳ್ದವಂಗೆ ಸುಳ್ಳು ದಾರಿ ಹೇಳೂನಿಗೆ ಹೆಣ್ಣು ಹ್ಯಾಂಗ್ ಕೊಡೂದು ತಮಾ? ನೀನೇ ಹೇಳು" ಎಂದ. ಪುಟ್ಟು ಬಾಗಿಲ ಕಡೆ ನೋಡಿದ. ಲಲಿತಾ ಅಲ್ಲೇ ನಿಂತಿದ್ದಳು, ನಗುತ್ತಿರಲಿಲ್ಲ. ಅವನು ತಟ್ಟೆ ಸರಿಸಿ ಎದ್ದ.

ಚಪ್ಪಲಿ ಮೆಟ್ಟುತ್ತ, ಏನಾದರೂ ಮಾತಾಡಬೇಕಲ್ಲ ಎಂದು ಪುಟ್ಟು ಕೇಳಿದ: "ಬಸ್ಸಿಗೆ ಯಾವ ಬದಿಗೆ ಹೋಗ್ಬೇಕು?"

ಬೀರು ಬಹಳ ಮರ್ಯಾದೆಯಿಂದ ಅಂಗಳಕ್ಕಿಳಿದು, ಕೊಡೆಯ ಕಡ್ಡಿಯಿಂದ ದಾರಿ ತೋರಿಸಿದ. "ಹೀಂಗೇ ಸೀದಾ ಹೋಗು. ಯಾರನ್ನೂ ಕೇಳೂದು ಬೇಡ."

ಪುಟ್ಟು ಸೀದಾ ಹೋದ. ಬರುವಾಗ ಈ ತೆಂಗಿನ ತೋಟ ಸಿಕ್ಕಿರಲಿಲ್ಲ, ಈ ಬಲೆ ಒಣಹಾಕಿದ ಬೇಲಿಯೂ ಸಿಕ್ಕಿರಲಿಲ್ಲ ಎಂಬುದು ಬೇಗನೇ ಗೊತ್ತಾಯಿತು. ತಿರುಗಿ ಹೋಗಬೇಕೆಂದರೆ ಆ ಅಂಗಳದ ಮುಂದೆಯೇ ಹಾಯಬೇಕು. ಆ ಮುಖ ಅವನಿಗಿರಲಿಲ್ಲ. ದಾರಿ ಮುಗಿಯಿತು. ಎದುರಿಗೆ ಕಾಳಿ ಹೊಳೆ, ಅಗಲಕ್ಕೆ, ಕೆಂಪಗೆ ತುಂಬಿ ಹರಿಯುತ್ತಿತ್ತು.

ದಡದಲ್ಲಿ ದೋಣಿಯವನೊಬ್ಬ ಹುಟ್ಟು ಹಿಡಿದು ಕೂತಿದ್ದ.

"ಆಚೆ ಬದಿಗೆ ಬರೂದಾ?"

ಪುಟ್ಟುವಿಗೆ ಆಚೆ ಬದಿಯಲ್ಲಿ ಯಾವ ಕೆಲಸವೂ ಇರಲಿಲ್ಲ, ಗುರುತಿನವರೂ ಇರಲಿಲ್ಲ. ಅದೊಂದೇ ಸಮಾಧಾನವೆನ್ನಿಸಿ ಅವನು ದೋಣಿ ಹತ್ತಿ ಕೂತ.