ಅಮ್ಮ ಹೇಳಿದ ‘ಸಣ್ಣದು’ ಯಾರು?

ಪಾಠ ಹೇಳುವವರಿಗೆ ಆ ಪಾಠ ಸ್ವಂತ ಮನೆಯಲ್ಲಿ ನೆನಪಾಗುವುದು ಅಪರೂಪ. ನೆನಪಾಯಿತೆಂದರೆ ಅದರಲ್ಲಿ ಏನೋ ಲಾಭ ಉಂಟು ಎಂದೇ ಅರ್ಥ. ನಾನು ಕಾರಡ್ಕದ ಕಡೆಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಪಟ್ಟಿಯಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಹುಡುಕುವ ಪ್ರೋಗ್ರಾಂ ಕಲಿಸುವಾಗ ಪ್ರತಿವರ್ಷ ಹೇಳುತ್ತೇನೆ: “ಸಣ್ಣದು ಅಂದರೆ ಯಂತ್ರಕ್ಕೆ ಎಂತದೂ ಗೊತ್ತಿಲ್ಲ ಮಕ್ಕಳೇ. ಯಾವುದರಲ್ಲಿ ಸಣ್ಣದು, ಆ ನಿಯಮ ನೀವೇ ಬರೆದುಕೊಡಬೇಕು.”

ಅಮ್ಮ ತೀರಿಹೋದ ಮೇಲೆ ಅವಳ ಪೆಟ್ಟಿಗೆ ತೆರೆಯಲು ನಾವು ಮೂವರು ಅಕ್ಕತಂಗಿಯರು ಕೂತೆವು. ಜೊತೆಗೆ ಅಮ್ಮನ ತಂಗಿ, ಅಗಲ್ಪಾಡಿಯ ಚಿಕ್ಕಮ್ಮ. ಸೀರೆಗಳು ಸುಲಭವಾಗಿ ಹಂಚಿಹೋದವು. ಉಳಿದದ್ದು ಕೆಂಪು ಕಲ್ಲಿನ ಮೂಗುಬೊಟ್ಟು. ಸಿಟ್ಟಿನಲ್ಲಿ ಅಮ್ಮನ ಮೂಗು ಅರಳಿ ಆ ಕಲ್ಲು ಮಿಂಚಿತೆಂದರೆ ಸಾಕು, ನಾವು ಹಿತ್ತಲಿಗೆ ಓಟ. “ಅದು ಸಣ್ಣದಕ್ಕೆ ಇರಲಿ” ಎಂದು ಆಸ್ಪತ್ರೆಯಲ್ಲಿ ಚಿಕ್ಕಮ್ಮನ ಹತ್ತಿರ ಹೇಳಿದ್ದಳಂತೆ.

“ಹಾಗಾದರೆ ನನಗೆ” ಎಂದು ಕಿರಿಯವಳು ಲಲಿತೆ ಕೈ ಚಾಚಿದಳು. ನಾನು ನಡುವಿನವಳು. ಆಗ ಪಾಠ ನೆನಪಾಯಿತು. “ನಿಲ್ಲು ಮಾರಾಯ್ತಿ. ಪ್ರಾಯದಲ್ಲಿ ಸಣ್ಣದು ಅಂತ ಅಮ್ಮ ಹೇಳಿದ್ದುಂಟಾ? ಎತ್ತರದಲ್ಲಿ ಸಣ್ಣವಳು ನಾನು” ಎಂದು ಗೋಡೆಗೆ ಬೆನ್ನು ಕೊಟ್ಟು ನಿಂತೂಬಿಟ್ಟೆ. ಐವತ್ತೆರಡು ವರ್ಷದಲ್ಲಿ ಕುಳ್ಳಿ ಎಂದು ಹೆಮ್ಮೆಪಟ್ಟದ್ದು ಅದೇ ಮೊದಲು. ತುಸು ಮಂಡಿ ಬಗ್ಗಿಸಿದ್ದೂ ಹೌದು.

ಚಿಕ್ಕಮ್ಮ ನಗಲಿಲ್ಲ. “ಅದು ಸುಮತಿಗೆ” ಎಂದರು. ಸುಮತಿ ನಮ್ಮ ದೊಡ್ಡಕ್ಕ. ಪ್ರಾಯ, ಎತ್ತರ, ಗಾತ್ರ, ಎಲ್ಲದರಲ್ಲೂ ದೊಡ್ಡವಳು. ನಾವಿಬ್ಬರೂ ಬಾಯಿ ತೆರೆದೆವು. “ಇವಳು ಏಳು ತಿಂಗಳಿಗೇ ಹುಟ್ಟಿದ್ದು. ಅಂಗೈಯಲ್ಲಿ ಹಿಡಿಯುವಷ್ಟು ಮಾತ್ರ. ಹತ್ತಿಯಲ್ಲಿ ಸುತ್ತಿಟ್ಟು, ಬಟ್ಟೆಯ ಬತ್ತಿಯಿಂದ ಹಾಲು ಹಿಂಡಿ ಬದುಕಿಸಿದ್ದು. ನೀವು ಹುಟ್ಟಿದ ಮೇಲೂ ನಿಮ್ಮ ಅಮ್ಮನಿಗೆ ಸಣ್ಣದು ಅಂದರೆ ಇವಳೇ.”

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. “ನನ್ನ ಮೂಗು ಚುಚ್ಚಿಸಿಯೇ ಇಲ್ಲ ಚಿಕ್ಕಮ್ಮಾ. ಇದಕ್ಕೆ ನೋವಾದೀತು ಅಂತ ಅಮ್ಮ ಬಿಡಲೇ ಇಲ್ಲ.” ಲಲಿತೆ ತಾನೇ ಮೂಗುಬೊಟ್ಟನ್ನು ಅವಳ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು.

ಅರುವತ್ತೊಂದರ ಅಕ್ಕನನ್ನು ಮರುವಾರ ಬಂದ್ಯೋಡಿನ ಅಕ್ಕಸಾಲಿಗನಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಸೂಜಿ ಕಂಡದ್ದೇ ನನ್ನ ಕೈ ಹಿಸುಕಿ “ಅಮ್ಮಾ” ಎಂದು ಕೂಗಿದಳು. “ಹೆದರಬೇಡ ಅಕ್ಕ, ನಾನಿದ್ದೇನೆ” ಎಂದೆ. ಕಣ್ಣೀರು ನನಗೂ ಬಂತು, ಸುಳ್ಳಲ್ಲ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಅವಳು ಹೆದರಿ ಎದ್ದುಬಂದರೆ ಆ ಕೆಂಪು ಕಲ್ಲಿಗೆ ಜಾಗ ಬೇಕಾದೀತು ಎಂದು, ಬೆಳಗ್ಗೆಯೇ ನನ್ನ ಮೂಗಿನ ಬೊಟ್ಟನ್ನು ಬಿಚ್ಚಿಟ್ಟು ಬಂದಿದ್ದೆ.