ಸಾಹೇಬರು ಕುಬೇರಪ್ಪನಿಗೆ ಅಂದದ್ದು

ಹಿರೇಕೆರೂರು ಮಾಮಲೇದಾರ ಕಚೇರಿಯ ಹಂಗಾಮಿ ಕಾರಕೂನ ಕುಬೇರಪ್ಪ ಆ ದಿನ ಮಾಡಿದ ತಪ್ಪೆಂದರೆ ಇನ್ನೊಂದು ಕಪ್ಪು ಚಹಾ ಹೇಳಿದ್ದು. ಅದು ೧೯೩೭ರ ಬೇಸಿಗೆ. ತಪಾಸಣೆಗೆ ಮಧ್ಯಾಹ್ನ ಬರಬೇಕಾಗಿದ್ದ ಪ್ರಾಂತಸಾಹೇಬರು, ಮಾಮಲೇದಾರರ ಮೇಲಿನ ಅಪ್ಪಟ ಇಂಗ್ಲಿಷ್ ದೊರೆ, ಬಿಸಿಲೇರುವ ಮೊದಲೇ ಕುದುರೆಯಿಂದಿಳಿದು ಕಚೇರಿಯೊಳಗೆ ನಡೆದುಬಿಟ್ಟಿದ್ದರು. ಎಲ್ಲರೂ ಎದ್ದು ನಿಂತರು. ಕುಬೇರಪ್ಪನ ಜಾಗ ಮಾತ್ರ ಬಿದ್ದ ಹಲ್ಲಿನ ಸಂದಿಯಂತೆ ಖಾಲಿ ಕಾಣುತ್ತಿತ್ತು.

ಗೌಸಸಾಬನ ಚಹಾದಂಗಡಿಯಲ್ಲಿ ಅವನು ಬಸಿಯಲ್ಲಿ ಉಳಿದ ಕೊನೆಯ ಗುಟುಕನ್ನು ಹೀರುತ್ತಿದ್ದಾಗ ಕಚೇರಿಯ ಪಟ್ಟೇವಾಲ ಹಯಾತ ಓಡಿಬಂದ. ಸಾಹೇಬರಿಗೆ ಪಂಖಾ ಎಳೆದು ಬಂದವನೇ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ.

"ಕಾರಕೂನರ, ಸಾಹೇಬ್ರು ನಿಮ್ಮ ಸುದ್ದಿ ತಗದ್ರು."

"ಏನಂದ್ರೋ?"

"ಎಲ್ಲಾ ಇಂಗ್ಲಿಷ್‌ನ್ಯಾಗ. ನಿಮ್ಮ ಖಾಲಿ ಜಾಗಾ ತೋರಿಸಿ ಏನೋ ಕೇಳಿದಾಗ ನಮ್ಮ ಮಾಮಲೇದಾರರು ಕೈ ಹಿಸುಕ್ಕೋತ 'ಹ್ಯಾಬಿಚುವಲ್' ಅಂದ್ರು. ಸಾಹೇಬ್ರು 'ಕ್ರಾನಿಕ್' ಅಂದ್ರು. ಅದೂ ಸಾಲಲಿಲ್ಲೋ ಏನೋ, ಟೇಬಲ್ ಗುದ್ದಿ 'ಇನ್ವೆಟರೇಟ್' ಅಂದ್ರು. ಸಂಜಿಗೆ ನಿಮ್ಮನ್ನ ಬಂಗಲೇಕ ಕರಕೊಂಡು ಬರಾಕ ಹುಕುಂ ಆಗೇತಿ."

ಕುಬೇರಪ್ಪ ಕನ್ನಡ ಶಾಲೆಯ ಮುಲ್ಕಿ ಪರೀಕ್ಷೆ ಪಾಸಾದವನು. ಅವನ ಇಂಗ್ಲಿಷು 'ಯಸ್ ಸರ್' ದಾಟಿ ಹೋಗಿರಲಿಲ್ಲ. ಅರ್ಥ ಕೇಳೋಣವೆಂದರೆ ಮಾಮಲೇದಾರರು ಸಾಹೇಬರ ಬೆನ್ನು ಬಿಡುವಂತಿರಲಿಲ್ಲ. ಆದರೆ ಚಹಾದಂಗಡಿಯಲ್ಲಿ ಅರ್ಥ ಹೇಳುವವರಿಗೆ ಬರವಿರಲಿಲ್ಲ. ಪಕ್ಕದ ಬೆಂಚಿನಲ್ಲಿದ್ದ ಹವಾಲ್ದಾರರು ಮೀಸೆಯೊರೆಸಿಕೊಂಡರು.

"ಹ್ಯಾಬಿಚುವಲ್ ಅಂದ್ರ ನಮ್ಮ ಠಾಣೇದ ಮಾತು. ಒಮ್ಮೆ ಕದ್ದವ ಬರೇ ಕಳ್ಳ. ಜೇಲಿಂದ ಬಂದ ಮ್ಯಾಲೂ ಕದೀತಾನಲ್ಲ, ಅವ ಹ್ಯಾಬಿಚುವಲ್."

"ನಾ ಏನ ಕದ್ದೇನ್ರಿ?" ಎಂದ ಕುಬೇರಪ್ಪ.

"ಸಾಹೇಬ್ರು ಅದನ್ನ ಒಪ್ಪಿಲ್ಲಲ್ರಿ," ಎಂದು ದವಾಖಾನೆಯ ಕಂಪೌಂಡರರು ಸಮಾಧಾನ ಹೇಳಿದರು. "ಕ್ರಾನಿಕ್ ಅಂದಾರ. ಅದು ನಮ್ಮ ಪೈಕಿ ಮಾತು. ಬಂದು ಹೋದ್ರ ಕೆಮ್ಮು. ವರ್ಷಾನುಗಟ್ಲೆ ಕುಂತ್ರ ಅದಕ್ಕ ಕ್ರಾನಿಕ್ ಅಂತೇವಿ. ಔಷಧಕ್ಕ ಬಗ್ಗೂದಿಲ್ಲ."

"ಮತ್ತ ಆ ಮೂರನೇದು?"

ಕಂಪೌಂಡರರು ಆ ಮಾತನ್ನು ಗುಳಿಗೆಯಂತೆ ಬಾಯೊಳಗೆ ಹೊರಳಿಸಿದರು. "ಇನ್ವೆಟರೇಟ್... ಅದು ಮನಷಾರ ದವಾಖಾನಿದಲ್ಲ. ದನದ ಡಾಕ್ಟರಿಗೆ ವೆಟರ್ನರಿ ಅಂತಾರ ನೋಡ್ರಿ. ಅದರ ಬಳಗದ್ದಿರಬೇಕು."

ಕುಬೇರಪ್ಪನ ಬೆಂಚಿನಲ್ಲೇ ಕುಳಿತಿದ್ದವನೊಬ್ಬ ಕಪ್ಪುಬಸಿ ಎತ್ತಿಕೊಂಡು ಮೆಲ್ಲಗೆ ಆಚೆ ತುದಿಗೆ ಸರಿದ.

ಆಗಲೇ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕುಬೇರಪ್ಪ ತಿರುಗಿ ನೋಡಿ ಕಲ್ಲಾದ. ಮಾತೆಲ್ಲ ಕೇಳಿಸಿಕೊಂಡು ನಿಂತಿದ್ದವರು ಚಿಕ್ಕೇರೂರಿನ ಹತ್ತಿ ವ್ಯಾಪಾರಿ ಕರಿಬಸಪ್ಪನವರು. ಅವರ ಮಗಳು ಸುಶೀಲವ್ವನಿಗೂ ಕುಬೇರಪ್ಪನಿಗೂ ನಡೆದಿದ್ದ ಮದುವೆಯ ಮಾತನ್ನು ಮುಗಿಸಿ ಗಟ್ಟಿಮಾಡಲೆಂದೇ ಅವರು ಅಂದು ಬಂದಿದ್ದರು. ಕಚೇರಿಯಿಂದ ಅವರನ್ನು ಅಂಗಡಿಗೆ ಕರೆತಂದವನು ಕುಬೇರಪ್ಪನ ಪಕ್ಕದಲ್ಲೇ ಕೂರುವ ಇನ್ನೊಬ್ಬ ಹಂಗಾಮಿ, ನಾಗಪ್ಪ. ಹಾಲು ಬಿಟ್ಟರೆ ನೀರು, ಬೇರೇನೂ ಕುಡಿಯದವನು.

"ಕಳವು ಆಗಿದ್ರ ಹೆಂಗರ ನುಂಗಿಕೊಳ್ತಿದ್ದೆ," ಎಂದರು ಕರಿಬಸಪ್ಪನವರು, ಮುಖ ಸುಣ್ಣವಾಗಿತ್ತು. "ದನದ ಬ್ಯಾನಿ ಅಂದ್ರ ನನ್ನ ಮಗಳು ಏನ ಮಾಡಬೇಕ್ರಿ?"

"ಹಂಗೇನಿಲ್ರಿ," ಎಂದ ನಾಗಪ್ಪ. "ದಿನಾ ಬಾಜೂಕ ಕುಂದರತೇನಿ, ನನಗೇನೂ ಹತ್ತಿಲ್ಲ." ಹೇಳಿದವನೇ ಮೊಣಕೈ ಕೆರೆದುಕೊಂಡ. ಅದನ್ನು ಕರಿಬಸಪ್ಪನವರು ನೋಡಿದರು.

ಇಂಗ್ಲಿಷ್ ಮಾಸ್ತರರ ಮನೆಗೆ ಹೋಗಿ ಕೇಳೋಣವೆಂದು ಕುಬೇರಪ್ಪನೇ ಎದ್ದ. ಅವನ ಹಿಂದೆ ಅಂಗಡಿಯೆಲ್ಲ ಎದ್ದಿತು. ದಾರಿಯಲ್ಲಿ ಸಿಕ್ಕವರು ಏನು ಎತ್ತ ಎಂದು ಕೇಳದೆಯೇ ಸೇರಿಕೊಂಡರು. ಮಾಸ್ತರರು ಊಟದ ಕೈ ತೊಳೆದು, ಇಟ್ಟಿಗೆಯಂಥ ಶಬ್ದಕೋಶ ತೆಗೆದು, ತುಟಿ ಅಲ್ಲಾಡಿಸುತ್ತ ಓದಿದರು.

"ದನದ ಬ್ಯಾನಿ ಅಲ್ಲರಿ. ಮೂರೂ ಬಿಡಲಾರದ ರೂಢಿಗೆ ಅನ್ನೂ ಮಾತು. ತೂಕ ಬ್ಯಾರೆ ಬ್ಯಾರೆ."

ಕುಬೇರಪ್ಪನಿಗೆ ಹೋದ ಜೀವ ಬಂತು.

"ದಿನಾ ಮಾಡಿ ಮಾಡಿ ಮೈಗೆ ಹತ್ತಿದ್ದು ಹ್ಯಾಬಿಚುವಲ್. ಬಹಳ ದಿನದಿಂದ ಕಾಡಾಕತ್ತಿದ್ದು ಕ್ರಾನಿಕ್. ಇನ್ವೆಟರೇಟ್ ಅಂದ್ರ ಅವೆರಡಕ್ಕೂ ಹಿರೇದು. ಬೇರು ಇಳದು, ಕೀಳಾಕ ಹೋದ್ರ ಮನಷಾನೂ ಕೂಡ ಕಿತ್ತು ಬರಬೇಕು. ಕುಡುಕರಿಗೆ, ಜೂಜುಕೋರರಿಗೆ ಅಂತಾರ."

ಬಂದ ಜೀವ ಹಾಗೇ ಹೊರಟುಹೋಯಿತು. ಕರಿಬಸಪ್ಪನವರು ಕಟ್ಟೆಯ ಮೇಲೆ ಕುಸಿದು ಕೂತರು.

"ಖರೇ ಹೇಳ್ರಿ. ಕುಡೀತೀರೇನು?"

"ಹೂನ್ರಿ," ಎಂದ ಕುಬೇರಪ್ಪ. ಗುಂಪಿನಲ್ಲಿ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. "ಚಹಾರೀ," ಎಂದು ಅವನು ಅವಸರದಿಂದ ಸೇರಿಸಿದ. "ಚಹಾ ಬಿಟ್ರ ಮತ್ತೊಂದು ಗೊತ್ತಿಲ್ಲ."

"ಅದೂ ಕಮ್ಮಿ ಅಲ್ಲ. ನಮ್ಮನ್ಯಾಗ ಅದರ ವಾಸನೀನೂ ಬರಾಕ ಬಿಟ್ಟಿಲ್ಲ. ನಿಮಗ ನನ್ನ ಮಗಳು ಬೇಕಂದ್ರ ಲಿಂಗ ಮುಟ್ಟಿ ಆಣಿ ಮಾಡ್ರಿ. ಇನ್ನ ಹನಿ ಚಹಾನೂ ಮುಟ್ಟಬಾರದು."

ಕುಬೇರಪ್ಪ ಅರ್ಧ ಊರಿನೆದುರು ಕೊರಳಿನ ಲಿಂಗ ಮುಟ್ಟಿದ. ಆಣೆಯ ಮಾತು ಬಾಯಿಂದ ಬೀಳುವಾಗ ಅವನ ನಾಲಗೆ ಪರ ಊರಿಗೆ ಕಳಿಸುತ್ತಿರುವ ಮಗುವಿನಂತೆ ನಡುಗಿತು. ಕರಿಬಸಪ್ಪನವರ ಮುಖಕ್ಕೆ ಬಣ್ಣ ಮರಳಿತು.

ಸಂಜೆ ಬಂಗಲೆಗೆ ಅವನೊಬ್ಬನೇ ಹೋಗಲಿಲ್ಲ. ಸಾಹೇಬರು ಏನು ಶಿಕ್ಷೆ ಕೊಡುತ್ತಾರೋ ನೋಡಬೇಕೆಂದು ಹವಾಲ್ದಾರರು, ಕಂಪೌಂಡರರು, ನಾಗಪ್ಪ, ಕರಿಬಸಪ್ಪನವರು ಎಲ್ಲರೂ ಕಟಕಟೆಗೆ ಆತು ನಿಂತರು. ವೆರಾಂಡದ ಮೇಜಿನ ಮೇಲೆ ಚಹಾದ ಪಾತ್ರೆ, ಎರಡು ಕಪ್ಪು. ಸಾಹೇಬರು ನಗುತ್ತ ಬಹಳ ಹೊತ್ತು ಏನೋ ಹೇಳಿದರು. ಪಕ್ಕದಲ್ಲಿದ್ದ ಮಾಮಲೇದಾರರ ಮುಖವೂ ಅರಳುತ್ತ ಹೋಯಿತು. ಅವರು ಅದನ್ನು ಕನ್ನಡಕ್ಕೆ ತಂದರು.

"ನಸೀಬ ತೆರೀತು ನಿಂದು. ಮುಂಜಾನೆ ಟೇಬಲ್ ಗುದ್ದಿದ್ದು ಸಂತೋಷಕ್ಕಂತ, ಸಾಹೇಬ್ರೂ ಇನ್ವೆಟರೇಟ್ ಚಹಾದವರು. ಊರೂರು ಸವಾರಿಯೊಳಗ ಜೋಡಿ ಇರೂ ಕಾರಕೂನ ಬೇಕಾಗ್ಯಾನ. ಹಿಂದಿನವಗ ಚಹಾದ ಗಂಧ ಇರಲಿಲ್ಲಂತ, ಒಬ್ಬರ ಕುಡದು ಬ್ಯಾಸತ್ತಾರ. ನಿನ್ನಂಥವ ಬೇಕಂತ. ಜಾಗಾ ಕಾಯಂ. ಕುಡದು, ಚಹಾದ ಎಲಿ ಹೆಂಗೈತಿ ಹೇಳು."

ಸಾಹೇಬರು ತಾವೇ ಬಗ್ಗಿಸಿ ಕಪ್ಪು ಮುಂದೆ ಚಾಚಿದರು. ಇಂಥ ಬಣ್ಣ, ಇಂಥ ಘಮವನ್ನು ಕುಬೇರಪ್ಪ ಹುಟ್ಟಿದ ಮೇಲೆ ಕಂಡಿರಲಿಲ್ಲ. ಅವನ ಕೈ ತಾನಾಗಿ ಎದ್ದಿತು. ಕಟಕಟೆಯ ಬಳಿ ಕರಿಬಸಪ್ಪನವರ ಕಣ್ಣು ಕಾಣಿಸಿತು. ಎದ್ದ ಕೈ ಕಪ್ಪಿಗೆ ಹೋಗದೆ ಕೊರಳಿಗೆ ಹೋಯಿತು.

"ನಾ ಚಹಾ ಕುಡಿಯೂದಿಲ್ರಿ."

ಮಾಮಲೇದಾರರು ಅದನ್ನು ಇಂಗ್ಲಿಷಿಗೆ ತರಲು ತಿಣುಕಿದರು. ಯಾವಾಗಿನಿಂದ ಎಂದು ಸಾಹೇಬರು ಕೇಳಿದರು.

"ಇವತ್ತ ಮಧ್ಯಾಹ್ನದಿಂದ್ರಿ."

ಸಾಹೇಬರು ಮನೆಯಲ್ಲಿ ಯಾರೋ ತೀರಿಹೋದ ಸುದ್ದಿ ಕೇಳಿದವರಂತೆ ಕುರ್ಚಿಗೆ ಒರಗಿದರು. ಅಷ್ಟರಲ್ಲಿ ನಾಗಪ್ಪ ಮೆಟ್ಟಿಲೇರಿ ಬಂದು, ಮುಜುರೆ ಮಾಡಿ, ಕಪ್ಪೆತ್ತಿ ಒಂದೇ ಉಸಿರಿಗೆ ಸುರಿದುಕೊಂಡ. ಚಹಾ ಆರಿಸಿ ಕುಡಿಯಬೇಕೆಂಬುದು ಹಾಲಿನವನಿಗೆ ಹೇಗೆ ಗೊತ್ತಾಗಬೇಕು? ನಾಲಗೆ ಸುಟ್ಟು ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಚಹಾ ಕುಡಿದು ಕಣ್ಣೀರಿಡುವವನನ್ನು ಸಾಹೇಬರು ಮೊದಲ ಸಲ ನೋಡಿದ್ದು. ಎದ್ದು ಬಂದು ಅವನ ಬೆನ್ನು ಚಪ್ಪರಿಸಿದರು. ಜಾಗ ಅಲ್ಲೇ ಕಾಯಮಾಯಿತು.

ಕುಬೇರಪ್ಪ ಮೆಟ್ಟಿಲಿಳಿದ. ಕಾಯಂ ಜಾಗ ಹೋದರೂ ಹೆಣ್ಣು ಉಳಿಯಿತಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡ. ಕರಿಬಸಪ್ಪನವರು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಆಡಿದ ಮಾತು ಉಳಿಸಿಕೊಂಡ್ರಿ. ದೊಡ್ಡ ಮನಷಾರು. ಒಂದು ಮಾತು ಕೇಳಲೇನ್ರಿ?"

"ಕೇಳ್ರಿ."

"ಈ ನಾಗಪ್ಪನವರಿಗೆ ಲಗ್ನ ಆಗೇತೇನು?"

ಕುಬೇರಪ್ಪ ಅವರ ಕೈಯಿಂದ ತನ್ನ ಕೈ ಬಿಡಿಸಿಕೊಂಡ. "ಇಲ್ರಿ," ಎಂದ. "ಆದ್ರ ಅವ ಚಹಾ ಕುಡದನಲ್ರಿ, ನಿಮ್ಮ ಕಣ್ಣ ಮುಂದ."

"ಕುಡೀಲಿ ಬಿಡ್ರಿ. ಕಾಯಂ ಆದವ್ರಿಗೆ ಒಂದು ಚಟ ಇರೂದ." ಕರಿಬಸಪ್ಪನವರು ಹೆಗಲಿನ ಚೀಲ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು ತೋರಿಸಿದರು. "ನೀವು ಬಾಜೂ ಕುಂದ್ರೋರು, ಸ್ವಲ್ಪ ಮಾತು ತಗದು ಕೊಡ್ರಿ. ಎಲಿ ತಂದುಬಿಟ್ಟೇನಿ, ನಾಳೀಕ ಬಾಡ್ತಾವು."